ಶೇ 73ಕ್ಕೂ ಶೇ 75ಕ್ಕೂ ನಡುವೆ: ದೈಹಿಕ ವಿಕಲಚೇತನರ ಸೌಲಭ್ಯ ಸಿಗುವುದೆಲ್ಲಿ, ತಪ್ಪುವುದೆಲ್ಲಿ

ಪೋಲಿಯೊದಿಂದ ಎರಡೂ ಕಾಲು ಸೊರಗಿದ ಒಬ್ಬರು ವೈದ್ಯಕೀಯ ತಪಾಸಣೆಗೆ ಬಂದಿದ್ದಾರೆ ಎಂದುಕೊಳ್ಳಿ. ಒಂದು ಕಾಲಿನ ನ್ಯೂನತೆ ಶೇ 60, ಇನ್ನೊಂದರದು ಶೇ 40 ಎಂದು ವೈದ್ಯರು ಅಳೆಯುತ್ತಾರೆ. ಮನೆಯವರು ಎರಡನ್ನೂ ಕೂಡಿಸಿ ನೂರಕ್ಕೆ ನೂರು ಬಂತು ಎಂದು ಸಮಾಧಾನದಿಂದ ಊರಿಗೆ ಮರಳುತ್ತಾರೆ. ಕೆಲವು ವಾರಗಳ ನಂತರ ಬರುವ ಯುಡಿಐಡಿ (ವಿಕಲಚೇತನರ ರಾಷ್ಟ್ರೀಯ ಗುರುತಿನ) ಕಾರ್ಡಿನ ಮೇಲೆ ಇರುವ ಅಂಕಿ ಮಾತ್ರ 73.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಎರಡು ಅಂಗಗಳ ನ್ಯೂನತೆಯನ್ನು ನೇರವಾಗಿ ಕೂಡಿಸುವ ಪದ್ಧತಿಯೇ ಇಲ್ಲ. ಹೆಚ್ಚಿನದನ್ನು ಪೂರ್ತಿ ಹಿಡಿಯುತ್ತಾರೆ. ಕಡಿಮೆಯದನ್ನು, 90ರಲ್ಲಿ ಮೊದಲಿನದನ್ನು ಕಳೆದು ಉಳಿದದ್ದರಿಂದ ಗುಣಿಸಿ, 90ರಿಂದ ಭಾಗಿಸಿ ಸೇರಿಸುತ್ತಾರೆ. 60 + 40 × (90 − 60) ÷ 90. ಉತ್ತರ 73.3, ದಶಾಂಶ ಬಿಟ್ಟರೆ 73. ಇನ್ನೆರಡು ಅಂಕಿ ಬಂದಿದ್ದರೆ ಶೇ 75ರ ಗೆರೆ ಮುಟ್ಟಬಹುದಿತ್ತು. ಗೆರೆಯ ಈಚೆ ರಾಜ್ಯದ ಮಾಸಾಶನ ತಿಂಗಳಿಗೆ ₹800, ಆಚೆ ₹1,400. ವರ್ಷಕ್ಕೆ ₹7,200 ವ್ಯತ್ಯಾಸ. ಮೂರು ಗಾಲಿಯ ಸ್ಕೂಟರಿನ ಅರ್ಜಿಯೂ ಇದೇ ಗೆರೆಯ ಮೇಲೆ ನಿಂತಿದೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಕಚೇರಿಗಳ ಮುಂದೆ ವಿಕಲಚೇತನರಿಂದ ಕೇಳಿಬರುವ ದೂರುಗಳ ಎಳೆ ಹಿಡಿದು ಹೋದರೆ ಬಹುಪಾಲು ಈ ಒಂದು ಅಂಕಿಗೇ ಬಂದು ಮುಟ್ಟುತ್ತವೆ. ಉಳಿದವು ಹೆಸರು ಮತ್ತು ಬ್ಯಾಂಕ್ ಖಾತೆಯ ತಕರಾರುಗಳು. ಯೋಜನೆಗಳ ಪಟ್ಟಿ ಎಲ್ಲ ಕಚೇರಿಯ ಗೋಡೆಯ ಮೇಲೂ ಇದೆ. ಯಾವ ಅಂಕಿಗೆ ಯಾವ ಬಾಗಿಲು ತೆರೆಯುತ್ತದೆ, ಆ ಅಂಕಿ ಹೇಗೆ ಬರುತ್ತದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

40, 75, 80

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಕಾಯ್ದೆಯ ಲೆಕ್ಕದಲ್ಲಿ ಶೇ 40 ಮತ್ತು ಅದಕ್ಕಿಂತ ಹೆಚ್ಚಿನ ನ್ಯೂನತೆ ಇದ್ದರೆ ಮಾತ್ರ ಮೀಸಲಾತಿಯಂಥ ಸೌಲಭ್ಯಗಳು ಅನ್ವಯಿಸುತ್ತವೆ. ಸರ್ಕಾರಿ ಹುದ್ದೆಗಳಲ್ಲಿ ಒಟ್ಟು ಶೇ 4. ಅದರಲ್ಲಿ ಶೇ 1 ದೈಹಿಕ ನ್ಯೂನತೆಯವರಿಗೆ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಕುಬ್ಜತೆ ಇರುವವರೂ ಸೇರಿ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿ ಶೇ 5, ಜಮೀನು-ವಸತಿ ಹಂಚಿಕೆ ಮತ್ತು ಬಡತನ ನಿವಾರಣೆ ಯೋಜನೆಗಳಲ್ಲಿ ಶೇ 5. ರಾಜ್ಯದ ಮಾಸಾಶನ, ರಿಯಾಯಿತಿ ಬಸ್ ಪಾಸ್, ಸಾಧನ-ಸಲಕರಣೆಗಳಿಗೂ 40ರಿಂದಲೇ ಶುರು.

75 ರಾಜ್ಯ ಸರ್ಕಾರ ಹಾಕಿದ ಗೆರೆ. ಹೆಚ್ಚಿನ ಮಾಸಾಶನವೂ ಯಂತ್ರಚಾಲಿತ ದ್ವಿಚಕ್ರ ವಾಹನವೂ (ಮೇಲೆ ಹೇಳಿದ ಮೂರು ಗಾಲಿಯ ಸ್ಕೂಟರಿಗೆ ಯೋಜನೆಯಲ್ಲಿರುವ ಹೆಸರು) ಇಲ್ಲಿಂದ ಆಚೆಗೆ. ವಾಹನಕ್ಕೆ ಇನ್ನೊಂದು ಷರತ್ತಿದೆ: ಸೊಂಟದ ಕೆಳಗೆ ಕಾಲುಗಳ ಸ್ವಾಧೀನ ಇರಬಾರದು, ಎರಡೂ ಕೈ ಮತ್ತು ಸೊಂಟದ ಮೇಲ್ಭಾಗ ಗಟ್ಟಿಯಾಗಿರಬೇಕು. ಆದ್ದರಿಂದ ಶೇ 85 ಇದ್ದರೂ ಒಂದು ಕೈಯಲ್ಲಿ ಬಲವಿಲ್ಲದವರ ಅರ್ಜಿ ತಿರಸ್ಕಾರವಾಗುತ್ತದೆ. ಚಾಲನಾ ಪರವಾನಗಿಯನ್ನೋ ಕಲಿಕಾ ಪರವಾನಗಿಯನ್ನೋ ಮೊದಲೇ ಮಾಡಿಸಿಟ್ಟುಕೊಳ್ಳಿ. ರಾಜ್ಯದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಕರೆದ ಮೇಲೆ ಆರ್‌ಟಿಒ ಕಚೇರಿಗೆ ಓಡಿದರೆ ಗಡುವು ತಪ್ಪುತ್ತದೆ.

80 ಕೇಂದ್ರದ ಗೆರೆ. ಬಿಪಿಎಲ್ ಕುಟುಂಬದ 18ರಿಂದ 79 ವಯಸ್ಸಿನವರಿಗೆ ಇರುವ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ, ಕೇಂದ್ರದ ಯೋಜನೆಯಲ್ಲಿ ಬ್ಯಾಟರಿ ಚಾಲಿತ ತ್ರಿಚಕ್ರ ಸೈಕಲ್, ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡ ನೌಕರರಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ₹75,000ದ ಬದಲು ₹1.25 ಲಕ್ಷ ಕಡಿತ, ಈ ಮೂರಕ್ಕೂ ಶೇ 80 ಬೇಕು.

ಕಾಯ್ದೆಯ ನಿಯಮಗಳಿಗೆ 2024ರಲ್ಲಿ ಆದ ತಿದ್ದುಪಡಿಯ ನಂತರ ಯುಡಿಐಡಿ ಕಾರ್ಡಿಗೆ ಬಣ್ಣ ಬಂದಿದೆ. ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 79ರವರೆಗೆ ಹಳದಿ, 80 ಮತ್ತು ಮೇಲೆ ನೀಲಿ. ಈ ಬಣ್ಣಗಳು ರಾಜ್ಯದ 75ರ ಗೆರೆಗೆ ಹೊಂದುವುದಿಲ್ಲ ಎಂಬುದು ನೆನಪಿರಲಿ. ಶೇ 78 ಇರುವವರ ಕೈಯಲ್ಲೂ ಹಳದಿ ಕಾರ್ಡೇ ಇರುತ್ತದೆ, ಅವರಿಗೆ ₹1,400 ಸಲ್ಲಬೇಕು. ಅರ್ಜಿ ತುಂಬುವವರು ಬಣ್ಣ ನೋಡಿ ₹800ರ ವರ್ಗಕ್ಕೆ ಹಾಕಿಬಿಟ್ಟರೆ ಅದನ್ನು ಬದಲಿಸುವುದು ಹೊಸ ಅರ್ಜಿಗಿಂತ ಕಷ್ಟ. ಅರ್ಜಿ ಒತ್ತುವ ಮುಂಚೆ ಪರದೆಯ ಮೇಲಿನ ಶೇಕಡಾವಾರು ಅಂಕಿಯನ್ನು ನೀವೇ ಓದಿ.

ಅಂಕಿ ಹುಟ್ಟುವ ದಿನ

2021ರ ಜೂನ್ 1ರಿಂದ ಅಂಗವಿಕಲತೆಯ ಪ್ರಮಾಣಪತ್ರವನ್ನು ಕೇಂದ್ರದ ಸ್ವಾವಲಂಬನ್ ಪೋರ್ಟಲ್ ಮೂಲಕವೇ ಕೊಡಬೇಕು. ಹಳೆಯ ಕೈಬರಹದ ಪ್ರಮಾಣಪತ್ರ, ಫೋಟೊ ಅಂಟಿಸಿದ ಗುರುತಿನ ಪುಸ್ತಕ ಇರುವವರೂ ಅದನ್ನು ಅಪ್‌ಲೋಡ್ ಮಾಡಿ ಹೊಸ ಕಾರ್ಡ್ ಪಡೆಯಬೇಕು. ಮತ್ತೆ ತಪಾಸಣೆಗೆ ಕರೆಯಬಹುದು. ಆಗ ಹಳೆಯ ಶೇ 80 ಹೊಸದರಲ್ಲಿ 65 ಆದ ಉದಾಹರಣೆಗಳು ಇರುವುದರಿಂದಲೇ ಹಲವರು ಹಳೆಯ ಪುಸ್ತಕವನ್ನು ಎದೆಗವಚಿಕೊಂಡು ಕೂತಿದ್ದಾರೆ. ಭಯ ಸಹಜ. ಆದರೆ ಯುಡಿಐಡಿ ಇಲ್ಲದೆ ಹೊಸ ಸೌಲಭ್ಯಗಳು ಒಂದೊಂದಾಗಿ ಕೈತಪ್ಪುತ್ತಿರುವಾಗ ಕಾಯುವುದರಿಂದ ಲಾಭವಿಲ್ಲ. ತಯಾರಾಗಿ ಹೋಗುವುದೇ ದಾರಿ.

ಅರ್ಜಿಗೆ ಆಧಾರ್, ವಿಳಾಸದ ದಾಖಲೆ, ಇತ್ತೀಚಿನ ಫೋಟೊ ಬೇಕು. ವಿಳಾಸ ಯಾವ ಜಿಲ್ಲೆಯದೋ ಅರ್ಜಿ ಆ ಜಿಲ್ಲೆಯ ಆಸ್ಪತ್ರೆಗೆ ಹೋಗುತ್ತದೆ. ರೋಣದಿಂದ ಹಾನಗಲ್ಲಿಗೆ ಮದುವೆಯಾಗಿ ಹೋದ ಹೆಣ್ಣುಮಗಳ ಆಧಾರಿನಲ್ಲಿ ತವರಿನ ವಿಳಾಸವೇ ಇದ್ದರೆ ಅವರ ಅರ್ಜಿ ಗದಗಕ್ಕೆ ಹೋಗಿ ಕೂಡುತ್ತದೆ, ಅವರು ಹಾವೇರಿಯಲ್ಲಿ ದಾರಿ ಕಾಯುತ್ತಿರುತ್ತಾರೆ. ಮೊದಲು ವಿಳಾಸ ತಿದ್ದಿಸಿ, ಆಮೇಲೆ ಅರ್ಜಿ ಹಾಕಿ. ಪ್ರಮಾಣಪತ್ರ ಕೊಡಲು ಮೊದಲು ಒಂದು ತಿಂಗಳ ಅವಧಿ ಇತ್ತು, 2024ರ ತಿದ್ದುಪಡಿ ಅದನ್ನು ಮೂರು ತಿಂಗಳಿಗೆ ಏರಿಸಿತು. ಎರಡು ವರ್ಷ ಅಲ್ಲಾಡದೆ ಬಿದ್ದ ಅರ್ಜಿ ತಾನಾಗಿ ರದ್ದಾಗುತ್ತದೆ.

ತಪಾಸಣೆಯ ದಿನ ಏನನ್ನು ಅಳೆಯುತ್ತಾರೆ ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಕಾಲು ಕತ್ತರಿಸಿದವರಿಗೆ ಲೆಕ್ಕ ಸರಳ, ಎಲ್ಲಿ ಕತ್ತರಿಸಿದೆ ಎಂಬುದರ ಮೇಲೆ ಅಂಕಿ ನಿಗದಿಯಾಗಿದೆ. ಬಹುಕಾಲದಿಂದ ಬಳಕೆಯಲ್ಲಿರುವ ಕೋಷ್ಟಕದಲ್ಲಿ ತೊಡೆಯ ಕೆಳಭಾಗದಲ್ಲಾದರೆ 80, ಮೊಣಕಾಲಿನ ಕೀಲಿನಲ್ಲೇ ಆದರೆ 75, ಮೊಣಕಾಲಿನ ಕೆಳಗೆ 60ರಿಂದ 70, ಪಾದದ ಮಧ್ಯದಲ್ಲಾದರೆ 50. ಸಕ್ಕರೆ ಕಾಯಿಲೆಯಿಂದ ಎಲ್ಲ ಬೆರಳು ಕಳೆದುಕೊಂಡವರಿಗೆ ಬರುವುದು 20 ಮಾತ್ರ. ಅವರು ನಡೆಯಲು ಪಡುವ ಪಾಡು ಎಷ್ಟೇ ಇರಲಿ, ಮಾಸಾಶನದ ಗೆರೆ ತಲುಪುವುದಿಲ್ಲ.

ಪೋಲಿಯೊ, ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು ಇದ್ದವರ ವಿಷಯ ಬೇರೆ. ಪ್ರತಿ ಕೀಲು ಎಷ್ಟು ಮಡಚುತ್ತದೆ ಎಂದು ಕೋನಮಾಪಕದಿಂದ ನೋಡುತ್ತಾರೆ, ಸ್ನಾಯುಗಳ ಬಲಕ್ಕೆ 0ರಿಂದ 5ರವರೆಗೆ ಅಂಕ ಕೊಡುತ್ತಾರೆ, ಕಾಲಿನ ಉದ್ದವನ್ನು ಟೇಪಿನಿಂದ ಅಳೆಯುತ್ತಾರೆ. ಕಾಲು ಗಿಡ್ಡವಾಗಿರುವುದೇ ದೊಡ್ಡ ನ್ಯೂನತೆ ಎಂದು ಮನೆಯವರು ತೋರಿಸಲು ಹೋಗುತ್ತಾರೆ. ಆದರೆ ಮೊದಲ ಅರ್ಧ ಇಂಚಿಗೆ ಏನೂ ಇಲ್ಲ, ನಂತರದ ಪ್ರತಿ ಅರ್ಧ ಇಂಚಿಗೆ ಶೇ 4. ಎರಡು ಇಂಚು ಗಿಡ್ಡ ಕಾಲಿಗೆ ಅದರಿಂದ ಬರುವುದು ಶೇ 12. ನಿಜವಾದ ತೂಕ ಇರುವುದು ಸ್ನಾಯುಬಲದ ಅಳತೆಗೆ. ಹೀಗಿರುವಾಗ ಬಿಗಿ ಪ್ಯಾಂಟು ಹಾಕಿಕೊಂಡು ಹೋಗಿ ಕುರ್ಚಿಯಲ್ಲಿ ಕೂತೇ ತೋರಿಸಿ ಬಂದರೆ ಸೊಂಟದ ಸ್ನಾಯುಗಳ ಪರೀಕ್ಷೆಯೇ ಆಗುವುದಿಲ್ಲ. ಸಡಿಲ ಬಟ್ಟೆ, ಇಲ್ಲವೇ ಲುಂಗಿ ಇರಲಿ. ಮೇಜಿನ ಮೇಲೆ ಮಲಗಿಸಿ ನೋಡಲು ಕೇಳಿ. ಕ್ಯಾಲಿಪರ್, ಊರುಗೋಲು, ಕೃತಕ ಕಾಲು ಏನು ಬಳಸುತ್ತೀರೋ ಅದನ್ನು ತೆಗೆದುಕೊಂಡು ಹೋಗಿ. ಶಸ್ತ್ರಚಿಕಿತ್ಸೆಯ ಬಿಡುಗಡೆ ಪತ್ರ, ಎಕ್ಸ್‌ರೇ, ಎಂಆರ್‌ಐ ವರದಿ ದಿನಾಂಕದ ಕ್ರಮದಲ್ಲಿ ಜೋಡಿಸಿರಲಿ. ಎರಡೂ ಕಾಲಿಗೆ ತೊಂದರೆ ಇದ್ದು ಒಂದನ್ನೇ ನೋಡಿ ಕಳಿಸಿದರೆ ಮೆಲ್ಲಗೆ ನೆನಪಿಸಿ, ಯಾಕೆಂದರೆ ಎರಡನೆಯದರ ಪಾಲು ಕಡಿತವಾಗಿ ಬಂದರೂ ಹತ್ತು-ಹದಿನೈದು ಅಂಕ ಸೇರುತ್ತದೆ.

ಹುಬ್ಬಳ್ಳಿಯ ಕೆಎಂಸಿ-ಆರ್‌ಐ, ಧಾರವಾಡದ ಜಿಲ್ಲಾಸ್ಪತ್ರೆ, ಗದಗದ ಜಿಮ್ಸ್, ಹಾವೇರಿಯ ಜಿಲ್ಲಾಸ್ಪತ್ರೆಯಂಥ ಕಡೆ ಹೋಗುವ ಮುಂಚೆ ಮೂಳೆ ತಜ್ಞರು ಈ ಕೆಲಸಕ್ಕೆ ಕೂಡುವ ವಾರವನ್ನು ಕೇಳಿಕೊಳ್ಳಿ. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಗೆ, ನಗರದಲ್ಲಾದರೆ ನಗರ ಪುನರ್ವಸತಿ ಕಾರ್ಯಕರ್ತರಿಗೆ ಇದು ಗೊತ್ತಿರುತ್ತದೆ. ಇವರಲ್ಲಿ ಅನೇಕರು ಸ್ವತಃ ವಿಕಲಚೇತನರು, ಗೌರವಧನದ ಮೇಲೆ ದುಡಿಯುವವರು. ಇಡೀ ವ್ಯವಸ್ಥೆ ಮನೆಬಾಗಿಲಿಗೆ ಬರುವುದು ಇವರ ಕಾಲಿನ ಮೇಲೆಯೇ.

ಪ್ರಮಾಣಪತ್ರ ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು ಮನೆಗೆ ಬಂದ ದಿನವೇ ನೋಡಿ. ಪಾರ್ಶ್ವವಾಯು ಆದ ಹೊಸತರಲ್ಲಿ ಸುಧಾರಿಸುವ ಸಾಧ್ಯತೆ ಇರುವುದರಿಂದ ಅವಧಿ ಹಾಕಿ ಕೊಡುತ್ತಾರೆ. ಆ ತಾರೀಖು ಮೀರಿದರೆ ಅದರ ಆಧಾರದ ಮೇಲಿನ ಸೌಲಭ್ಯಗಳಿಗೂ ತಡೆ ಬೀಳುತ್ತದೆ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಅಂಕಿಯ ಬಗ್ಗೆ ತಕರಾರಿದ್ದರೆ ಕಾಯ್ದೆಯ 59ನೇ ಕಲಂ ಮೇಲ್ಮನವಿಯ ಹಕ್ಕು ಕೊಟ್ಟಿದೆ. ಮೇಲ್ಮನವಿಯಲ್ಲಿ "ಕಡಿಮೆ ಕೊಟ್ಟಿದ್ದಾರೆ" ಎಂದಷ್ಟೇ ಬರೆದರೆ ಉಪಯೋಗವಿಲ್ಲ. "ಎಡಗಾಲನ್ನು ಪರೀಕ್ಷಿಸಿಲ್ಲ", "ಸೊಂಟದ ಕೀಲಿನ ಚಲನೆ ದಾಖಲಿಸಿಲ್ಲ" ಎಂಬಂತೆ ಬಿಟ್ಟುಹೋದ ಅಳತೆಯನ್ನು ಬೊಟ್ಟು ಮಾಡಿ ತೋರಿಸಬೇಕು.

₹800ರ ಹಿಂದಿನ ಲೆಕ್ಕ

ಶಿಗ್ಗಾವಿ ಕ್ಷೇತ್ರದ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ 2021ರ ಜುಲೈ 28ರಂದು ಮುಖ್ಯಮಂತ್ರಿಯಾದ ದಿನವೇ ಮಾಸಾಶನಗಳ ಹೆಚ್ಚಳ ಘೋಷಿಸಿದರು. ಶೇ 40ರಿಂದ 75ರವರೆಗಿನ ವಿಕಲಚೇತನರಿಗೆ ₹600 ಇದ್ದದ್ದು ₹800, ವಿಧವಾ ವೇತನವೂ ₹600ರಿಂದ ₹800, ವೃದ್ಧರ ಸಂಧ್ಯಾ ಸುರಕ್ಷಾ ಮಾಸಾಶನ ₹1,000ದಿಂದ ₹1,200. ಹೆಚ್ಚಿಸಿದ್ದು ಒಳ್ಳೆಯದೇ. ಆದರೆ ಈ ಮೂರು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಕಾಯ್ದೆಯ 24ನೇ ಕಲಂ ಓದಬೇಕು. ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ವಿಕಲಚೇತನರಿಗೆ ಕೊಡುವ ನೆರವು, ಅಂಥದ್ದೇ ಯೋಜನೆಯಲ್ಲಿ ಇತರರಿಗೆ ಕೊಡುವುದಕ್ಕಿಂತ ಕನಿಷ್ಠ ಶೇ 25 ಹೆಚ್ಚಿರಬೇಕು ಎನ್ನುತ್ತದೆ ಅದು.

₹1,200ಕ್ಕೆ ಶೇ 25 ಸೇರಿಸಿದರೆ ₹1,500. ವಿಧವಾ ವೇತನದ ₹800ಕ್ಕೆ ಸೇರಿಸಿದರೂ ₹1,000. ಶೇ 40–75ರ ವರ್ಗಕ್ಕೆ ಸಿಗುವ ₹800 ಇವೆರಡರಲ್ಲಿ ಒಂದನ್ನೂ ಮುಟ್ಟುವುದಿಲ್ಲ. ತೀವ್ರ ನ್ಯೂನತೆಯವರ ₹1,400 ಕೂಡ ₹1,500ಕ್ಕಿಂತ ಕಡಿಮೆ. ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಯೋಜನೆ ರೂಪಿಸಬೇಕು ಎಂಬ ಮಾತೂ ಅದೇ ಕಲಂನಲ್ಲಿದೆ ನಿಜ. ಯೋಜನೆ ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಆ ಮಿತಿ ಅನ್ವಯವಾಗಬಹುದು. ಮುದುಕರಿಗೆ ₹1,200 ಕೊಡುವ ಶಕ್ತಿ ಇರುವ ಸರ್ಕಾರ, ಒಂದು ಕಾಲು ಸ್ವಾಧೀನವಿಲ್ಲದ ಮೂವತ್ತರ ಯುವಕನಿಗೆ ₹800ಕ್ಕೆ ನಿಲ್ಲಿಸುವುದಕ್ಕೆ ಅದು ಸಮರ್ಥನೆಯಾಗದು. ನಮ್ಮ ಭಾಗದ ವಿಕಲಚೇತನರ ಸಂಘಟನೆಗಳು "ಪಗಾರ (ಮಾಸಾಶನ) ಹೆಚ್ಚಿಸಿ" ಎಂದು ಮನವಿ ಕೊಡುವಾಗ ಈ ಕಲಂ ಮತ್ತು ಈ ಗುಣಾಕಾರವನ್ನು ಮೊದಲ ಪುಟದಲ್ಲೇ ಹಾಕಬೇಕು. ದಯೆಯ ಭಾಷೆಯ ಮನವಿಗಿಂತ ಕಾನೂನಿನ ಲೆಕ್ಕಕ್ಕೆ ಉತ್ತರ ಕೊಡುವುದು ಕಷ್ಟ.

ಕೇಂದ್ರದ ಪಾಲು ಇನ್ನೂ ನಿರಾಶಾದಾಯಕ. ಶೇ 80 ಮೀರಿದ ಬಿಪಿಎಲ್ ಫಲಾನುಭವಿಗೆ ಕೇಂದ್ರ ಕೊಡುವುದು ತಿಂಗಳಿಗೆ ₹300. 2012ರಲ್ಲಿ ₹200 ಇದ್ದದ್ದು ಅಷ್ಟಾಯಿತು, ಅಲ್ಲಿಗೇ ನಿಂತಿತು. ಇದು ₹1,400ರ ಮೇಲೆ ಬೇರೆಯಾಗಿ ಬರುವ ಹಣವೂ ಅಲ್ಲ, ಅದರೊಳಗೇ ಸೇರಿರುತ್ತದೆ.

ಆದಾಯದ ಮಿತಿಯ ವಿಷಯಕ್ಕೆ ಬನ್ನಿ. ರಾಜ್ಯದ ಮಾಸಾಶನಕ್ಕೆ ವಾರ್ಷಿಕ ಆದಾಯ ₹32,000 ಮೀರಬಾರದು. ದಿನಕ್ಕೆ ₹88ರ ಲೆಕ್ಕ. 2025–26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ ₹370 ಇತ್ತು. ಒಂದು ಕುಟುಂಬ ನೂರು ದಿನ ಪೂರೈಸಿದರೆ ₹37,000. ಅಂದರೆ ಸರ್ಕಾರವೇ ಕೊಡುವ ಕೂಲಿಯನ್ನು ಪೂರ್ತಿ ದುಡಿದ ಮನೆ ಸರ್ಕಾರದ್ದೇ ಮಾಸಾಶನದ ಮಿತಿ ದಾಟಿಬಿಡುತ್ತದೆ. ಈ ಗೆರೆ ಎಷ್ಟು ಅವಾಸ್ತವ ಎಂದರೆ ತಲಾಠಿಯಿಂದ (ಗ್ರಾಮ ಆಡಳಿತ ಅಧಿಕಾರಿ) ಹಿಡಿದು ಅರ್ಜಿದಾರರವರೆಗೆ ಎಲ್ಲರೂ ಕಾಗದದ ಮೇಲೆ ಒಂದು ಕಡಿಮೆ ಅಂಕಿ ಬರೆದು ದಾಟಿಸುವುದು ರೂಢಿಯಾಗಿದೆ. ಮುಂದೆ ಯಾವತ್ತಾದರೂ ಪರಿಶೀಲನೆ ನಡೆದಾಗ ಸಿಕ್ಕಿಬೀಳುವುದು ಮಾತ್ರ ಅರ್ಜಿದಾರರು. ಮಿತಿ ಏರಿಸುವುದೇ ಇದಕ್ಕೆ ಪ್ರಾಮಾಣಿಕ ಪರಿಹಾರ.

ನಾಡಕಚೇರಿಯಿಂದ ಖಾತೆಯವರೆಗೆ

ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ, ಗ್ರಾಮ ಒನ್ ಅಥವಾ ಕರ್ನಾಟಕ ಒನ್‌ನಲ್ಲಿ ಹಾಕಬಹುದು. ಯುಡಿಐಡಿ, ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಸಾಕು. ಗ್ರಾಮ ಆಡಳಿತ ಅಧಿಕಾರಿ ಮನೆಗೆ ಬಂದು ವಿಚಾರಿಸಿ ವರದಿ ಹಾಕುತ್ತಾರೆ, ಕಂದಾಯ ನಿರೀಕ್ಷಕರ ಮೂಲಕ ತಹಶೀಲ್ದಾರರ ಮಟ್ಟದಲ್ಲಿ ಮಂಜೂರಾಗುತ್ತದೆ, ಖಜಾನೆ-2ರಿಂದ ಹಣ ಹೊರಡುತ್ತದೆ. ಅರ್ಜಿ ಹಾಕಿದಾಗ ಕೊಡುವ ಸಕಾಲ ಸ್ವೀಕೃತಿಯಲ್ಲಿ ವಿಲೇವಾರಿಯ ತಾರೀಖು ಇರುತ್ತದೆ. ಅದು ಮೀರಿದರೆ ದಿನಕ್ಕೆ ₹20ರಂತೆ ₹500ರವರೆಗೆ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಸಣ್ಣದು. ಆದರೆ ಸಕಾಲದ ಮೇಲ್ಮನವಿ ದಾಖಲಾದ ಕಡತ ಸಾಮಾನ್ಯವಾಗಿ ಮೇಜಿನಿಂದ ಏಳುತ್ತದೆ.

ಕಡತ ನಿಲ್ಲುವುದು ಬಹಳ ಸಲ ಹೆಸರಿನಲ್ಲಿ. ನಮ್ಮ ಕಡೆ ಒಬ್ಬನೇ ಮನುಷ್ಯ ಶಾಲೆಯ ದಾಖಲೆಯಲ್ಲಿ ಬಸವರಾಜ, ರೇಷನ್ ಕಾರ್ಡಿನಲ್ಲಿ ಬಸಪ್ಪ, ಬ್ಯಾಂಕಿನಲ್ಲಿ ಮನೆತನದ ಹೆಸರು ಮೊದಲು ಬಂದು ಇನ್ನೇನೋ ಆಗಿರುತ್ತಾನೆ. ಊರಿಗೆಲ್ಲ ಒಬ್ಬನೇ ಎಂದು ಗೊತ್ತು, ಕಂಪ್ಯೂಟರಿಗೆ ಮೂವರು. ಮೊದಲು ಆಧಾರನ್ನು ಸರಿಮಾಡಿ, ಅದರಂತೆ ಪಾಸ್‌ಬುಕ್, ಆಮೇಲೆ ಯುಡಿಐಡಿ. ಈ ಕ್ರಮ ತಪ್ಪಿದರೆ ಎಲ್ಲವನ್ನೂ ಎರಡು ಸಲ ತಿದ್ದಿಸಬೇಕಾಗುತ್ತದೆ.

ಮಂಜೂರಾದ ಮೇಲೂ "ಪಗಾರ ಬಂದಿಲ್ಲ" ಎನ್ನುವವರು ಮೊದಲು ನೋಡಬೇಕಾದದ್ದು ಯಾವ ಖಾತೆಗೆ ಆಧಾರ್ ಜೋಡಣೆಯಾಗಿದೆ ಎಂಬುದನ್ನು. ನೇರ ನಗದು ವರ್ಗಾವಣೆಯ ಹಣ ಅರ್ಜಿಯಲ್ಲಿ ಬರೆದ ಖಾತೆಗೇ ಹೋಗುತ್ತದೆ ಎಂದೇನಿಲ್ಲ, ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಸ್ವಸಹಾಯ ಸಂಘದ ಸಾಲಕ್ಕೆಂದು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆದವರ ಹಣ ತಿಂಗಳುಗಟ್ಟಲೆ ಅಲ್ಲಿ ಕೂತಿರುತ್ತದೆ, ಇಲ್ಲವೇ ಸಾಲದ ಕಂತಿಗೆ ಜಮೆಯಾಗಿರುತ್ತದೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ತಿಂಗಳ ಹಣ ಯಾವ ಬ್ಯಾಂಕಿಗೆ ಹೋಯಿತು ಎಂದು ಕಾಣುತ್ತದೆ. ಇನ್ನೊಂದು ತೊಂದರೆ ಬೆರಳಚ್ಚಿನದು. ನೆಲಕ್ಕೆ ಕೈಯೂರಿ ಸಾಗುವವರ, ವರ್ಷಗಟ್ಟಲೆ ಊರುಗೋಲು ಹಿಡಿದವರ ಬೆರಳ ಗೆರೆ ಸವೆದು ಯಂತ್ರ ಗುರುತಿಸುವುದಿಲ್ಲ. ಆಧಾರ್ ಕೇಂದ್ರದಲ್ಲಿ ಬಯೊಮೆಟ್ರಿಕ್ ಹೊಸದಾಗಿ ಮಾಡಿಸಿ, ಕಣ್ಣಿನ ಪಾಪೆ ಇಲ್ಲವೇ ಮುಖ ಗುರುತಿಸುವ ವಿಧಾನ ಕೇಳಿ.

ಸಲಕರಣೆ: ಪುಕ್ಕಟೆ ಬಂದದ್ದು ಅಳತೆಗೂ ಬರಬೇಕು

ಮಾಸಾಶನಕ್ಕೆ ಆದಾಯದ ಕಾರಣಕ್ಕೆ ತಿರಸ್ಕೃತರಾದವರು ಸಲಕರಣೆಯ ಆಸೆಯನ್ನೂ ಬಿಡುತ್ತಾರೆ. ಬಿಡಬಾರದು. ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆಯ ಆದಾಯದ ಮಿತಿ ತಿಂಗಳಿಗೆ ₹22,500, ವರ್ಷಕ್ಕೆ ₹2.70 ಲಕ್ಷ. ಅಲ್ಲಿಯವರೆಗೆ ಪೂರ್ತಿ ಉಚಿತ, ₹30,000ದವರೆಗೆ ಅರ್ಧ ಬೆಲೆ. ಸಾಮಾನ್ಯವಾಗಿ ಸಲಕರಣೆ ತಯಾರಿಸುವ ಕೇಂದ್ರದ ಅಲಿಮ್ಕೊ ಸಂಸ್ಥೆ ತಪಾಸಣಾ ಶಿಬಿರ ನಡೆಸಿ ಅಳತೆ ತೆಗೆದುಕೊಂಡು, ಕೆಲವು ತಿಂಗಳ ಬಳಿಕ ವಿತರಣಾ ಶಿಬಿರದಲ್ಲಿ ಕೊಡುತ್ತದೆ. ಒಂದೇ ಉದ್ದೇಶದ ಸಲಕರಣೆ ಮತ್ತೆ ಸಿಗಲು ಮೂರು ವರ್ಷ ಕಾಯಬೇಕು, ಬೆಳೆಯುವ ಮಕ್ಕಳಿಗಾದರೆ ಒಂದು ವರ್ಷ. ಆದ್ದರಿಂದ ತಪ್ಪು ಅಳತೆಯದನ್ನು ಸಂಕೋಚದಿಂದ ಹೊತ್ತು ತಂದರೆ ಮೂರು ವರ್ಷ ಅದರಲ್ಲೇ ಕೂಡಬೇಕು.

ಗಾಲಿಕುರ್ಚಿಯ ಅಗಲ ಕೂತಾಗಿನ ಸೊಂಟದ ಅಗಲಕ್ಕಿಂತ ಸುಮಾರು 5 ಸೆಂ.ಮೀ. ಮಾತ್ರ ಹೆಚ್ಚಿರಲಿ. ತೀರಾ ಅಗಲವಾದರೆ ದೇಹ ಒಂದು ಬದಿಗೆ ವಾಲಿ ಬೆನ್ನು ಬಾಗುತ್ತದೆ, ಗಾಲಿ ಕೈಗೆ ಎಟುಕುವುದಿಲ್ಲ, ಮನೆಯ ಬಾಗಿಲಿನಲ್ಲೂ ಹಿಡಿಸುವುದಿಲ್ಲ. ಆಸನದ ಅಂಚು ಮೊಣಕಾಲಿನ ಹಿಂಬದಿಗೆ ತಾಗಬಾರದು. ಬೆನ್ನುಹುರಿ ಪೆಟ್ಟಿನವರಿಗೆ ಮೆತ್ತೆ ಇಲ್ಲದ ಕುರ್ಚಿ ಅಪಾಯ. ನೋವು ತಿಳಿಯದ ಕಡೆ ಒತ್ತು ಬಿದ್ದು ಹುಣ್ಣಾಗುತ್ತದೆ, ಆ ಹುಣ್ಣು ತಿಂಗಳುಗಟ್ಟಲೆ ಆಸ್ಪತ್ರೆ ಸೇರಿಸುತ್ತದೆ. ಕಂಕುಳ ಊರುಗೋಲಿನ ತುದಿ ಕಂಕುಳಿಗಿಂತ ಎರಡು-ಮೂರು ಬೆರಳು ಕೆಳಗಿರಬೇಕು, ಭಾರ ಬೀಳಬೇಕಾದದ್ದು ಕೈಹಿಡಿಯ ಮೇಲೆ. ಕಂಕುಳಿನ ಮೇಲೆ ತೂಗಿ ನಡೆದರೆ ನರ ಒತ್ತಿ ಕೈ ಜೋಮು ಹಿಡಿದು ಮಣಿಕಟ್ಟು ಸೋಲುತ್ತದೆ. ಕೆಳಗಿನ ರಬ್ಬರ್ ಬುಷ್ ಸವೆದರೆ ತಕ್ಷಣ ಬದಲಿಸಿ, ಒದ್ದೆ ನೆಲದಲ್ಲಿ ಸವೆದ ಬುಷ್ ಮೇಲೆ ನಡೆಯುವುದು ಬೀಳುವುದಕ್ಕೆ ಸಮ.

ನವಲಗುಂದ, ನರಗುಂದ, ರೋಣದ ಎರೆ ಸೀಮೆಯವರು ಕೈಯಿಂದ ತಿರುಗಿಸುವ ತ್ರಿಚಕ್ರ ಸೈಕಲ್ ಒಪ್ಪಿಕೊಳ್ಳುವ ಮುಂಚೆ ಮನೆಯಿಂದ ಡಾಂಬರು ರಸ್ತೆಯವರೆಗಿನ ದಾರಿ ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ಮೆತ್ತಿಕೊಂಡು ಚಕ್ರ ಕದಲುವುದೇ ಇಲ್ಲ, ಕೂತವರು ಇಳಿದು ಕೆರೆಯಲೂ ಆಗುವುದಿಲ್ಲ. ಓಣಿಗೆ ಸಿಮೆಂಟ್ ರಸ್ತೆ ಕೇಳುವ ಅರ್ಜಿಯೂ ಇಂಥ ಕಡೆ ಸಲಕರಣೆಯ ಅರ್ಜಿಯ ಭಾಗವೇ.

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಪೋಷಕರು ಕೇಂದ್ರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯನ್ನು ಮಾಡಿಸಿಕೊಳ್ಳಬೇಕು. ವರ್ಷಕ್ಕೆ ₹1 ಲಕ್ಷದವರೆಗೆ ಚಿಕಿತ್ಸೆ, ಫಿಸಿಯೊಥೆರಪಿಯೂ ಸೇರಿ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ ₹1,000 ಆರೈಕೆ ಭತ್ಯೆಯನ್ನು 2024–25ರ ರಾಜ್ಯ ಬಜೆಟ್ ಘೋಷಿಸಿತು. ಇದರ ಅರ್ಜಿಗೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಬಸ್ಸು, ರೈಲು, ಮೆಟ್ಟಿಲು

ವಾಯವ್ಯ ಸಾರಿಗೆಯ ರಿಯಾಯಿತಿ ಪಾಸಿಗೆ ವರ್ಷಕ್ಕೆ ₹660, ಮನೆಯಿಂದ 100 ಕಿ.ಮೀ. ವರೆಗೆ. ಗದಗದಿಂದ, ಹಾವೇರಿಯಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಇದು ಸಾಲುತ್ತದೆ. ಹಿರೇಕೆರೂರು ಕಡೆಯವರಿಗೆ ಹುಬ್ಬಳ್ಳಿ ನೂರು ಕಿಲೋಮೀಟರ್ ದಾಟುತ್ತದೆ, ಉಳಿದ ದೂರಕ್ಕೆ ಟಿಕೆಟ್. ಪಾಸ್ ಕ್ಯಾಲೆಂಡರ್ ವರ್ಷಕ್ಕೆ ಇರುವುದರಿಂದ ನವೀಕರಣದ ಅರ್ಜಿಯನ್ನು ಸೇವಾಸಿಂಧುವಿನಲ್ಲಿ ವರ್ಷಾರಂಭದಲ್ಲೇ ಹಾಕುವುದು ಲೇಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವ ಕಾರಣ ಸಾಮಾನ್ಯ ಬಸ್ಸಿಗೆ ಮಹಿಳೆಯರಿಗೆ ಈ ಪಾಸ್ ಬೇಕಿಲ್ಲ.

ಹಣಕ್ಕಿಂತ ದೊಡ್ಡ ಅಡ್ಡಿ ಬಸ್ಸಿನ ಮೆಟ್ಟಿಲು. ಹುಬ್ಬಳ್ಳಿ-ಧಾರವಾಡದ ನಡುವಿನ ಬಿಆರ್‌ಟಿಎಸ್‌ನ ಚಿಗರಿ ಬಸ್ಸಿನ ನೆಲ ನಿಲ್ದಾಣದ ನೆಲಕ್ಕೆ ಸಮನಾಗಿರುವಂತೆ ಕಟ್ಟಿದ್ದಾರೆ, ಗಾಲಿಕುರ್ಚಿ ನೇರ ಒಳಗೆ ಹೋಗುತ್ತದೆ. ಆ ಸುಮಾರು 22 ಕಿ.ಮೀ. ದಾಟಿ ಕುಂದಗೋಳದ ಬಸ್ಸು ಹತ್ತಬೇಕೆಂದರೆ ಮತ್ತೆ ಯಾರಾದರೂ ಎತ್ತಬೇಕು. ಆಗುತ್ತದೆ ಎಂದು ಒಂದು ಮಾರ್ಗದಲ್ಲಿ ತೋರಿಸಿಕೊಟ್ಟ ಮೇಲೆ ಹಳ್ಳಿಯ ಬಸ್ಸಿಗೆ ಆಗದು ಎನ್ನುವ ಮಾತನ್ನು ಒಪ್ಪಲಾಗದು.

ರೈಲಿನ ರಿಯಾಯಿತಿ ಹೆಚ್ಚು: ಎರಡನೇ ದರ್ಜೆ, ಸ್ಲೀಪರ್, ಮೂರನೇ ಎಸಿಯಲ್ಲಿ ಶೇ 75, ಮೊದಲ ಮತ್ತು ಎರಡನೇ ಎಸಿಯಲ್ಲಿ ಶೇ 50, ಜೊತೆಗೆ ಬರುವ ಒಬ್ಬರಿಗೂ ಅಷ್ಟೇ. ತತ್ಕಾಲ್‌ನಲ್ಲಿ ಇಲ್ಲ. ತಪ್ಪುವುದು ಇಲ್ಲಿ: ಜೊತೆಗಾರರಿಲ್ಲದೆ ಪ್ರಯಾಣಿಸಲಾರರು ಎಂಬ ರೈಲ್ವೆಯ ನಮೂನೆಗೆ ಸರ್ಕಾರಿ ವೈದ್ಯರ ಸಹಿ ಬೇಕು. ಶೇಕಡಾವಾರು ಇರುವ ಪ್ರಮಾಣಪತ್ರವನ್ನಷ್ಟೇ ಅಪ್‌ಲೋಡ್ ಮಾಡಿದ ಅರ್ಜಿಗಳು ವಾಪಸಾಗುತ್ತವೆ. ಯುಡಿಐಡಿ ತಪಾಸಣೆಗೆ ಹೋದ ದಿನವೇ ಈ ನಮೂನೆಯನ್ನೂ ಒಯ್ದರೆ ಇನ್ನೊಂದು ಓಡಾಟ ತಪ್ಪುತ್ತದೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ ಇದೆ. ಊರುಗೋಲಿನವರು ವಿಕಲಚೇತನರ ಬೋಗಿ ಎಂಜಿನ್ ಕಡೆಗೋ ಹಿಂದೆಯೋ ಎಂದು ಮೊದಲೇ ಕೇಳಿಕೊಂಡು ಆ ತುದಿಯಲ್ಲಿ ನಿಲ್ಲಬೇಕು, ರೈಲು ಬಂದ ಮೇಲೆ ಆ ದೂರ ನಡೆಯಲಾಗದು.

ಇನ್ನು ಕಚೇರಿಗಳು. ಇಳಿಜಾರು ದಾರಿಯ ಅನುಪಾತ 1:12 ಇರಬೇಕು. 15 ಸೆಂ.ಮೀ.ನ ಮೂರು ಮೆಟ್ಟಿಲಿಗೆ 5.4 ಮೀಟರ್ ಉದ್ದ ಬೇಕು. ಜಾಗ ಸಾಲದೆಂದು ಎರಡು ಮೀಟರಿನಲ್ಲಿ ಕಟ್ಟಿದ ಕಡಿದಾದ ಇಳಿಜಾರಿನಲ್ಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಅದಕ್ಕಿಂತ ಮೆಟ್ಟಿಲೇ ವಾಸಿ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕಾಯ್ದೆ ಕೊಟ್ಟ ಐದು ವರ್ಷ 2022ರ ಜೂನ್‌ಗೇ ಮುಗಿಯಿತು. ಇಂಥ ನಿಯಮಗಳು ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಹಡಿ ಮೇಲಿನ ಕಚೇರಿಗೆ ಬರಹೇಳಿದರೆ ಅಧಿಕಾರಿಯೇ ಕೆಳಗಿಳಿದು ಬಂದು ಅರ್ಜಿ ಸ್ವೀಕರಿಸಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಹತ್ತಿರದ ಹಣ

ಗ್ರಾಮ ಪಂಚಾಯಿತಿ, ಪುರಸಭೆ, ಮಹಾನಗರ ಪಾಲಿಕೆಗಳು ತಮ್ಮ ನಿಧಿಯಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕು. ಬೆಂಗಳೂರಿಗೂ ದಿಲ್ಲಿಗೂ ಕಾಯದೆ ಸಿಗಬಹುದಾದ ಹಣ ಇದೊಂದೇ. ವೈದ್ಯಕೀಯ ನೆರವು, ಸಲಕರಣೆ, ಮನೆಯ ಶೌಚಾಲಯಕ್ಕೆ ಹಿಡಿಕೆ, ಅಂಗಡಿ ಇಡಲು ನೆರವು ಹೀಗೆ ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಬಹುದು. ಮಾರ್ಚ್ ಕೊನೆಯಲ್ಲಿ ಖರ್ಚು ತೋರಿಸಲು ಒಂದೇ ಅಳತೆಯ ಸಾಮಾನು ಕೊಂಡು ಹಂಚುವುದು ಇದರ ದೊಡ್ಡ ರೋಗ. ಅದನ್ನು ತಡೆಯಬೇಕೆಂದರೆ ಕ್ರಿಯಾಯೋಜನೆ ತಯಾರಾಗುವ ಮುಂಚೆ, ಗ್ರಾಮಸಭೆ ಇಲ್ಲವೇ ವಾರ್ಡ್ ಸಭೆಯಲ್ಲಿ ಹೆಸರು, ಅಗತ್ಯ, ಅಳತೆ ಬರೆದ ಅರ್ಜಿ ಕೊಟ್ಟು ನಡಾವಳಿಯಲ್ಲಿ ದಾಖಲಿಸಬೇಕು. ಅರ್ಜಿಯ ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಕೊಡಲಾಗದು ಎಂದರೆ ಹಿಂಬರಹ ಕೇಳಿ ಪಡೆಯಿರಿ. ಜಿಲ್ಲಾ ಪಂಚಾಯಿತಿಗೆ ಹೋಗುವುದಿರಲಿ, ಬೆಂಗಳೂರಿನ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಬರೆಯುವುದಿರಲಿ, ಸಿವಿಲ್ ನ್ಯಾಯಾಲಯದಂತೆ ಅಧಿಕಾರಿಯನ್ನು ಕರೆಸಿ ವಿಚಾರಿಸುವ ಅಧಿಕಾರವಿರುವ ಆ ಆಯುಕ್ತರ ಮುಂದೆ ಇಡಬೇಕಾದ ಮೊದಲ ಕಾಗದ ಆ ಹಿಂಬರಹವೇ.